ಅರ್ಧ ಸವರಿದ ಹಲಸಿನ ಮರ

ಚಿಕ್ಕಮಾದಯ್ಯನ ಬಗ್ಗೆ ಒಳ್ಳೆಯ ಮಾತು ಬರೆಯಲು ನನಗೆ ಇಷ್ಟವಿಲ್ಲ. ಆದರೆ ಕೊಳ್ಳೇಗಾಲದ ಸುತ್ತ ಮರ ಸವರುವುದರಲ್ಲಿ ಅವನಂಥವನಿಲ್ಲ ಎಂದು ಒಪ್ಪದೆ ವಿಧಿಯಿಲ್ಲ. ಬಂಡಳ್ಳಿಯವನು, ಅರವತ್ತರ ಹತ್ತಿರ, ಕಡ್ಡಿಯಂಥ ಮೈ. ಬೀಡಿ ಮುಗಿಯುವವರೆಗೂ ಮರದ ಕೆಳಗೆ ನಿಂತು ಮೇಲೆ ನೋಡುತ್ತಾನೆ, ಕರೆದರೂ ಓಗೊಡುವುದಿಲ್ಲ. ಆಮೇಲೆ ಅಂಟು ಹಿಡಿಯದಂತೆ ಮಚ್ಚಿಗೆ ಎಣ್ಣೆ ಬಳಿದು ಹತ್ತುತ್ತಾನೆ. ಕೊಂಬೆಗೆ ಮೊದಲು ಕೆಳಗಿನಿಂದ ಒಂದೇಟು, ಆಮೇಲೆ ಮೇಲಿನಿಂದ; ತೊಗಟೆ ಸೀಳುವುದೇ ಇಲ್ಲ. ಕಡಿದ ಜಾಗಕ್ಕೆ ಸಗಣಿ ಮೆತ್ತದೆ ಇಳಿಯುವವನಲ್ಲ. ಇಪ್ಪತ್ತು ವರ್ಷದಿಂದ ನಮ್ಮ ಹಿತ್ತಲಿನ ಹಲಸನ್ನು ಸವರುತ್ತಿದ್ದವನು ಅವನೇ.

ಎರಡು ವರ್ಷ ಬಿಟ್ಟಿದ್ದಕ್ಕೆ ಮರ ಕೈಮೀರಿ ಬೆಳೆದಿತ್ತು. ಹೋದ ಆಷಾಢದಲ್ಲಿ ಅವನನ್ನು ಕರೆಸಿದೆ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ರಸ್ತೆ ಕಡೆಯ ಕೊಂಬೆಗಳು ನೆಲಕ್ಕೆ ಬಂದಿದ್ದವು; ಮನೆಯ ಮೇಲೆ ಚಾಚಿದ್ದ ಕೊಂಬೆಗಳು ಹಾಗೇ ಇದ್ದವು. ಇಳಿದು ಬಂದು ನೀರು ಕೇಳಿದ. ಹೊಸ ಸೊಸೆ ಶೃತಿ ಅಡುಗೆಮನೆಯ ಲೋಟದಲ್ಲೇ ತಂದುಕೊಟ್ಟಳು. ನನಗೆ ರೇಗಿತು. ಅವನ ಲೋಟ ಕಾಂಪೌಂಡ್ ಗೋಡೆಯ ಮೇಲಿದೆ, ಕಣ್ಣು ಕಾಣುವುದಿಲ್ಲವೇ ಎಂದು ಅವನೆದುರೇ ಗದರಿದೆ. ಇಪ್ಪತ್ತು ವರ್ಷದಿಂದ ಅವನು ಅದರಲ್ಲೇ ಕುಡಿದಿದ್ದ, ಒಂದು ದಿನವೂ ತುಟಿ ಬಿಚ್ಚಿರಲಿಲ್ಲ.

ಚಿಕ್ಕಮಾದಯ್ಯ ತುಂಬಿದ ಲೋಟವನ್ನು ಹಾಗೇ ಮೆಟ್ಟಿಲ ಮೇಲಿಟ್ಟ. ಮಚ್ಚು ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಹಾಳಾಗಿ ಹೋಗಲಿ ಅಂದುಕೊಂಡೆ.

ಯಳಂದೂರಿನಿಂದ ಸ್ವಾಮಿ ಎಂಬ ಇನ್ನೊಬ್ಬ ಮರ ಸವರುವವನನ್ನು ಕರೆಸಿದೆ. ಅವನು ಸಗಣಿ ಮೆತ್ತಿದ ಜಾಗಗಳನ್ನು ನೋಡಿದವನೇ ಹಗ್ಗ ಮತ್ತೆ ಸುತ್ತಿಕೊಂಡ.

"ಇದ್ರಲ್ಲಿ ಚಿಕ್ಕಮಾದಯ್ಯನ ಮಚ್ಚು ಬಿದ್ದದೆ ಸಾ. ಅವ್ನು ಊಂ ಅನ್ನದೆ ನಾನು ಅತ್ತಾಕಿಲ್ಲ."

ಒಬ್ಬ ಅರ್ಧ ಸವರಿದ ಮರವನ್ನು ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಮುಟ್ಟುವುದಿಲ್ಲವಂತೆ. ಆಮೇಲೆ ಕರೆಸಿದ ಮೆಷಿನ್ ಗರಗಸದವನೂ ಅದನ್ನೇ ಹೇಳಿದ. ಇವರ ಕಟ್ಟಳೆಗೆ ಬೆಂಕಿ ಬೀಳಲಿ ಎಂದು ಬೈದೆ. ಅಷ್ಟರಲ್ಲಿ ಗಾಳಿ ಜೋರಾಯಿತು. ಭಾರವೆಲ್ಲ ಒಂದೇ ಕಡೆ ಉಳಿದಿದ್ದರಿಂದ ಮರ ಮನೆಯತ್ತ ವಾಲತೊಡಗಿತು. ಅದರ ಕೆಳಗಿರುವುದು ಮಗ ಸೊಸೆ ಮಲಗುವ ಹೆಂಚಿನ ಕೋಣೆ. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ಬಸ್ಸು ಹತ್ತಿ ಬಂಡಳ್ಳಿಗೆ ಹೋದೆ. ನನ್ನನ್ನು ಕಂಡು, ಸದಾಶಿವಪ್ಪನವರು ಬಂದಿದ್ದಾರೆ ಎಂದು ಅವನ ಹೆಂಡತಿ ಪುಟ್ಟಮಾದಮ್ಮ ಹೇಳಿದರೂ ಅವನು ಜಗಲಿಯಿಂದ ಏಳಲಿಲ್ಲ. ಆಕೆಯೇ ಕುರ್ಚಿ ಹಾಕಿ, ಬೆಳಗಿದ ಲೋಟದಲ್ಲಿ ನೀರು ತಂದಿಟ್ಟಳು. ಗಂಟಲು ಒಣಗಿತ್ತು. ಆದರೂ ಬಾಯಾರಿಕೆ ಇಲ್ಲ ಎಂದೆ. ಚಿಕ್ಕಮಾದಯ್ಯ ಲೋಟವನ್ನು ನೋಡಿದ, ನನ್ನನ್ನು ನೋಡಿದ. ಕೋಣೆಯ ವಿಷಯ ಹೇಳಿದೆ.

"ನಾಳೀಕ್ ಬತ್ತೀನಿ. ನಿಮ್ಗೋಸ್ಕರ ಅಲ್ಲ ಸಾ. ನೀರ್ ಕೊಟ್ಟ ಕೂಸು ಮಲಗೋ ಕೋಣೆ ಅಂದ್ರಲ್ಲ, ಅದ್ಕೆ."

ಮಾರನೆಯ ದಿನ ಬಂದ. ಒಂದೊಂದು ಕೊಂಬೆಯನ್ನೂ ಹಗ್ಗ ಕಟ್ಟಿ ಇಳಿಸಿದ, ಒಂದು ಹೆಂಚೂ ಒಡೆಯಲಿಲ್ಲ. ಭಾರ ಇಳಿದ ಮರ ಮತ್ತೆ ನೆಟ್ಟಗೆ ನಿಂತಿತು. ಇಳಿದಾಗ ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಶೃತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನೇ ಒಳಗೆ ಹೋಗಿ, ನನ್ನ ಲೋಟದಲ್ಲೇ ನೀರು ತಂದು ಅವನ ಮುಂದೆ ಹಿಡಿದೆ.

"ಬಾಯಾರ್ಕೆ ಇಲ್ಲ ಸಾ" ಎಂದ.

ಚೀಲ ಹೆಗಲಿಗೇರಿಸಿ ಗೇಟು ದಾಟಿ, ಬೀದಿ ನಲ್ಲಿಗೆ ಬೊಗಸೆಯೊಡ್ಡಿ ಬಹಳ ಹೊತ್ತು ಕುಡಿದ. ನಾನು ಲೋಟ ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದೆ.