ಫಿಸಿಕ್ಸ್‌ಗೆ ಅರ್ಜಿ ಹಾಕಿದ ನೋಡೋಣಮ್ಮ

ನಮ್ಮಣ್ಣನ ಮಗಳಿಗೆ ಮನೆಯವರು ಇಟ್ಟ ಅಡ್ಡಹೆಸರು ನೋಡೋಣಮ್ಮ. ಹಾಲು ಉಕ್ಕಿ ಬಂದರೆ ಒಲೆ ಆರಿಸುವುದು ಬಿಟ್ಟು, "ತಾಳಿ, ಎಲ್ಲಿಂದ ಉಕ್ಕುತ್ತೆ ನೋಡೋಣ" ಎನ್ನುತ್ತಾಳೆ. ಅವಳು ಒಲೆಯ ಮುಂದಿದ್ದ ದಿನ ಮನೆಗೆಲ್ಲ ಕರೀ ಕಾಫಿಯೇ ಗತಿ. ಬಟ್ಟೆ ಒಣಹಾಕಲು ಕಳಿಸಿದರೆ, ಒಂದೊಂದೇ ಒದ್ದೆ ಟವೆಲ್ ನೇತುಹಾಕಿ ಹಗ್ಗ ಎಷ್ಟು ಜೋಲುತ್ತದೆಂದು ಬಗ್ಗಿ ನೋಡುತ್ತಾಳೆ. ಏನೋ ಕಳೆದುಹೋಗಿದೆಯೆಂದು ನೆರೆಮನೆಯವರೂ ಬಂದು ಹುಡುಕುತ್ತಾರೆ. ಇಂಥವಳು ಫಿಸಿಕ್ಸ್ ಓದಲು ದೇಶದ ಅತಿ ದೊಡ್ಡ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಿದಳು. ಅಂಕಪಟ್ಟಿಯೋ, ನಾಲ್ಕು ಜನರೆದುರು ಬಿಚ್ಚುವಂತಿರಲಿಲ್ಲ. ಫಿಸಿಕ್ಸ್ ಪ್ರಾಕ್ಟಿಕಲ್‌ನಲ್ಲಂತೂ ಪಾಸಾದದ್ದೇ ಹೆಚ್ಚು. "ಈ ಮಾರ್ಕ್ಸ್ ಇಟ್ಕೊಂಡು ಅಲ್ಲಿಗಾ?" ಎಂದು ಅತ್ತಿಗೆ ಹಣೆ ಚಚ್ಚಿಕೊಂಡರೆ, "ಹಾಕಿ ನೋಡೋಣಮ್ಮ" ಎಂದು ನಕ್ಕಳು. ಹೇಗೋ ಸಂದರ್ಶನಕ್ಕೆ ಕರೆ ಬಂತು. ಜೊತೆಗೆ ಹೋದ ನಾನು ಬಾಗಿಲಾಚೆಯ ಬೆಂಚಿನಲ್ಲಿ ಕೂತೆ. "ಪ್ರಾಕ್ಟಿಕಲ್‌ನಲ್ಲಿ ಇಷ್ಟು ಕಮ್ಮಿ ಯಾಕಮ್ಮ?" ಎಂದು ಪ್ರೊಫೆಸರ್ ಕೇಳಿದ್ದು ಕೇಳಿಸಿತು. "ದಾರಕ್ಕೆ ಗುಂಡು ಕಟ್ಟಿ ತೂಗಾಡಿಸೋ ಪ್ರಯೋಗ ಸರ್. ಪುಸ್ತಕದ ಉತ್ತರ ಬರೋ ಹಾಗೆ ಎಲ್ರೂ ಲೆಕ್ಕ ಹೊಂದಿಸಿದ್ರು. ನಂಗೆ ಬೇರೆ ಬಂತು, ಬಂದಿದ್ದನ್ನೇ ಬರೆದೆ." "ಈಗ ಮಾಡಿದ್ರೆ ಸರಿಯಾಗಿ ಬರುತ್ತಾ?" "ಗೊತ್ತಿಲ್ಲ ಸರ್, ಮಾಡಿ ನೋಡೋಣ." ಒಳಗೆ ಕುರ್ಚಿ ಎಳೆದ ಸದ್ದಾಯಿತು. ಹುಡುಗಿ ಕೆಲಸ ಕೆಡಿಸಿಕೊಂಡಳು, ಎಬ್ಬಿಸಿ ಕಳಿಸುತ್ತಿದ್ದಾರೆ ಎಂದುಕೊಂಡೆ. ಮೆಲ್ಲಗೆ ಇಣುಕಿದರೆ, ಪ್ರೊಫೆಸರ್ ಕುರ್ಚಿ ಹತ್ತಿ ದಾರ ಹಿಡಿದು ನಿಂತಿದ್ದಾರೆ. ಅದರ ತುದಿಯಲ್ಲಿ ಅವರದೇ ಬೀಗದ ಕೈ ಗೊಂಚಲು ತೂಗುತ್ತಿದೆ. "ಈಗ್ಲೂ ಪುಸ್ತಕದ್ದು ಬರ್ಲಿಲ್ಲ ಸರ್" ಎಂದಳು ಇವಳು, ಕೈಗಡಿಯಾರದಿಂದ ಕಣ್ಣೆತ್ತಿ. ಅವರು ಕುರ್ಚಿಯಿಂದ ಇಳಿಯಲೇ ಇಲ್ಲ. "ತಾಳು, ಇನ್ನೊಂದ್ಸಲ ಮಾಡಿ ನೋಡೋಣ."