ಹೊಳಿಯಮ್ಮನ ಹಿತ್ತಲಿಗೆ ರಟ್ಟಿನ ಹೊದಿಕೆ

ಬೇವೂರಿನ ಹೊಳಿಯಮ್ಮ ಮದುವೆಯಾಗಿ ಬಂದಾಗಿನಿಂದ ಮಾಡಿದ ಕೂಲಿ ಒಂದೇ, ಬೇರೆಯವರ ಹೊಲದಲ್ಲಿ ಕಳೆ ತೆಗೆಯುವುದು. ಸಜ್ಜೆಯಿರಲಿ, ಶೇಂಗಾ ಇರಲಿ, ಅವಳು ಸಾಲು ಹಿಡಿದು ಕೂತರೆ ಜೊತೆಯ ಹೆಂಗಸರು ಹಿಂದೆ ಬೀಳುತ್ತಿದ್ದರು. ಸಂಜೆ ಮನೆಗೆ ಬಂದು ತನ್ನ ಹಿತ್ತಲಲ್ಲೂ ಕಳೆ ಕೀಳುವ ಕುರ್ಪಿ ಹಿಡಿಯುತ್ತಿದ್ದಳು. ಅಲ್ಲಿ ಬದನೆ, ಪುಂಡಿಪಲ್ಲೆ, ಒಂದು ಮಡಿ ಮೆಂತ್ಯ ಇದ್ದವು.

ಹೋದ ವರ್ಷ ಬಚ್ಚಲ ಮುಂದೆ ಜಾರಿಬಿದ್ದು ಅವಳ ಮೊಣಕಾಲು ಕೆಟ್ಟಿತು. ಇನ್ನು ಕುಕ್ಕರಗಾಲಲ್ಲಿ ಕೂರಬಾರದು ಎಂದು ಕೊಪ್ಪಳದ ಡಾಕ್ಟರು ಹೇಳಿದರು. ಮಳೆ ಬಿತ್ತು. ಜೇಕು, ಕರಿಕೆ ಎರಡೂ ಕಳೆಗಳು ಹಿತ್ತಲು ತುಂಬಿದವು. ಹೊಳಿಯಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದಳು. ಊಟ ಸೇರದಾಯಿತು.

ಗಂಡ ಗಾಳೆಪ್ಪ ತಾನೇ ಕಳೆ ಕೀಳಲು ಹೋಗಿ ಕೆಲವು ಬದನೆ ಸಸಿಗಳನ್ನೂ ಕಿತ್ತ.

“ಕಸಕ್ಕ ಹೊಡಿಯೋ ಎಣ್ಣಿ ತರ್ತೀನಿ. ಸುಟ್ಟು ಹೋಗತೈತಿ,” ಎಂದ.

“ಆಮ್ಯಾಲೆ ಆ ಪಲ್ಲೆ ಯಾರು ತಿನ್ನೋರು? ಬ್ಯಾಡ.”

ಪಕ್ಕದ ಮನೆಯ ಕಾಸೀಮಬೀಯ ಮಗ ಇಲಿಯಾಸನದು ಕಿರಾಣಿ ಅಂಗಡಿ. ಅಂಗಡಿಯ ಖಾಲಿ ರಟ್ಟಿನ ಡಬ್ಬಿಗಳನ್ನು ಕಾಸೀಮಬೀ ಎರಡೂ ಮನೆಗಳ ನಡುವಿನ ಗೋಡೆಗೆ ಒಟ್ಟಿರುತ್ತಿದ್ದಳು. ಒಂದು ಮುಂಜಾನೆ ಅವಳು ಒಲೆಗೆಂದು ಅವನ್ನು ಎತ್ತಿದಾಗ ಅಡಿಯ ಹುಲ್ಲು ಬೆಳ್ಳಗೆ ಬತ್ತಿಹೋಗಿದ್ದು ಹೊಳಿಯಮ್ಮನಿಗೆ ಕಂಡಿತು.

“ಅಕ್ಕಾ, ಅವನ್ನ ಒಲಿಗೆ ಹಾಕಬ್ಯಾಡ್ರಿ. ನನಗ ಬೇಕು.”

“ಏನ್ ಮಾಡ್ತೀಯವಾ?”

“ಹಿತ್ತಲಕ್ಕ ಹೊಚ್ಚತೀನಿ.”

ಗಾಳೆಪ್ಪ ಕಳೆಯನ್ನು ಬುಡಕ್ಕೆ ಕೊಯ್ದ, ನೆಲಕ್ಕೆ ನೀರು ಹಾಕಿದ. ಬದನೆ, ಪುಂಡಿ ಬುಡಗಳನ್ನಷ್ಟೇ ಬಿಟ್ಟು ರಟ್ಟು ಹಾಸಿ, ಮೇಲೆ ಶೇಂಗಾ ಹೊಟ್ಟು ಸುರುವಿದರು. ಹೊಟ್ಟು ಸಾಲದ ಕಡೆ ರಟ್ಟಿನ ಮೇಲಿನ ಸಾಬೂನಿನ, ಬಿಸ್ಕೀಟಿನ ಚಿತ್ರಗಳು ಕಾಣುತ್ತಿದ್ದವು. ಕೂಲಿಗೆ ಹೊರಟಿದ್ದ ಹಳೆಯ ಜೊತೆಗಾತಿ ಮುದಕಮ್ಮ ಬೇಲಿಯಲ್ಲಿ ನಿಂತು, “ಅಂಗಡಿ ಇಟ್ಟೀಯೇನು?” ಎಂದಳು. ಹೊಳಿಯಮ್ಮನಿಗೆ ನಾಚಿಕೆಯಾಯಿತು.

ಎಲ್ಲವೂ ಸರಿಹೋಗಲಿಲ್ಲ. ಕಾಸೀಮಬೀಯ ಕೋಳಿಗಳು ಹೊಟ್ಟು ಕೆದರಿದವು. ಜಾಲಿಮುಳ್ಳು ಹರಡಿದ ಮೇಲೆ ಕೆದರುವುದನ್ನು ಬಿಟ್ಟವು. ಗೋಡೆಗೆ ತಾಗಿದ ರಟ್ಟಿಗೆ ಗೆದ್ದಲು ಹತ್ತಿತು, ಅದನ್ನು ತೆಗೆದರು. ಕರಿಕೆ ಸತ್ತರೂ ಜೇಕು ಅಂಚಿನಲ್ಲಿ ತಲೆ ಎತ್ತುತ್ತಲೇ ಇತ್ತು. ಹೊಳಿಯಮ್ಮ ನಿಂತುಕೊಂಡೇ ಉದ್ದ ಕಾವಿನ ಸಲಿಕೆಯಿಂದ ಅದನ್ನು ಸವರುತ್ತಿದ್ದಳು. ಬಚ್ಚಲ ಮುಂದಿನ ಕಲ್ಲುಗಳ ಸಂದಿಯ ಹುಲ್ಲಿಗೆ ಅನ್ನ ಬಸಿದ ಕುದಿಗಂಜಿ ಸುರಿಯುತ್ತಿದ್ದಳು. ಮೆಂತ್ಯದ ಮಡಿ ಮಾತ್ರ ಹೋಯಿತು. ಸಣ್ಣ ಬೀಜದ ಮೊಳಕೆ ರಟ್ಟು ದಾಟಿ ಮೇಲೆ ಬರುವುದಿಲ್ಲ. ಆ ಜಾಗದಲ್ಲಿ ರಟ್ಟಿಗೆ ತೂತು ಮಾಡಿ ಕುಂಬಳ ಹಾಕಿದಳು. ಬಳ್ಳಿ ಹಬ್ಬಿ ನೆಲ ಮುಚ್ಚಿತು, ಅದರ ನೆರಳಲ್ಲಿ ಕಳೆ ಅಷ್ಟಾಗಿ ಏಳಲಿಲ್ಲ.

ದೀಪಾವಳಿ ಹೊತ್ತಿಗೆ ಹಿತ್ತಲಿಗೆ ಅವಳ ಕೈ ಹೆಚ್ಚು ಬೇಕಾಗಲಿಲ್ಲ. ಇದು ಅವಳಿಗೆ ಸಮಾಧಾನವನ್ನೂ ತಂದಿತು, ಒಂದು ಬಗೆಯ ದಿಗಿಲನ್ನೂ ತಂದಿತು.

“ಕೈ ಸುಮ್ನ ಇರಾಕ ಒಲ್ಲವು ಅಕ್ಕಾ,” ಎಂದಳು ಕಾಸೀಮಬೀಗೆ.

ಕಾಸೀಮಬೀ ಹಳೆಯ ಸೀರೆಗಳ ಗಂಟು ಬಿಚ್ಚಿ ಸೂಜಿ, ದಾರ ಕೊಟ್ಟಳು. ಈಗ ಮಧ್ಯಾಹ್ನ ಇಬ್ಬರೂ ಕಾಸೀಮಬೀಯ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಾರೆ. ಹೊಳಿಯಮ್ಮನ ಹೊಲಿಗೆ ಇನ್ನೂ ಸೊಟ್ಟ. ಕಾಸೀಮಬೀ ಅದನ್ನು ಬಿಚ್ಚಿಸದೆ ಮುಂದಿನ ದಾರ ಪೋಣಿಸಿ ಕೊಡುತ್ತಾಳೆ.