ವೇಷವಿಲ್ಲದ ನಾಟಕ

ನಿಮ್ಮ ಅಜ್ಜ ಬಾಳೂರಿನ ಹತ್ತಿರ ಬಿಳಿ ದೊರೆಯೊಬ್ಬರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಕೂಲಿಲೈನಿನ ಮಕ್ಕಳಿಗೆ ಅಕ್ಷರ ಕಲಿಸಲು ಒಬ್ಬ ಹೆಂಗಸು ಬೇಕೆಂದು ದೊರೆಸಾನಿ ಹುಡುಕುತ್ತಿದ್ದರು. ನಾನು ಸಂಸೆಯ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದವಳೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಭಾನುವಾರ ಕ್ಲಬ್ಬಿನಲ್ಲಿ ತಮ್ಮ ಒಪೆರಾ ಇದೆ, ಹೆಂಡತಿಯನ್ನು ಕರೆತಂದರೆ ಅಲ್ಲೇ ಮಾತಾಡಿ ನೋಡುತ್ತೇನೆ ಎಂದು ಅವರು ಅಜ್ಜನಿಗೆ ಹೇಳಿದರು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದು ನಾನು ಯಾರಿಗೂ ಹೇಳಲಿಲ್ಲ. ಹಿಂದಿನ ದಿನವೇ ಸೀರೆ ಒಗೆದು, ತಂಬಿಗೆಗೆ ಕೆಂಡ ಹಾಕಿ ಇಸ್ತ್ರಿ ಮಾಡಿಟ್ಟುಕೊಂಡೆ.

ಒಪೆರಾ ಎಂದರೆ ಹಾಡಿನ ನಾಟಕವಂತೆ. ಮೂಡಿಗೆರೆ ಕಡೆಯ ಆ ಕ್ಲಬ್ಬಿನ ಹಾಲಿನಲ್ಲಿ ಬಾಗಿಲ ಬಳಿ ನಮಗೆ ಬೆಂಚು ಹಾಕಿದ್ದರು. ಪರದೆಯಿಲ್ಲ, ಕಿರೀಟವಿಲ್ಲ, ಕತ್ತಿಯಿಲ್ಲ. ಪಿಯಾನೋ ಪಕ್ಕ ಸಾಲಾಗಿ ಕುರ್ಚಿಯಿಟ್ಟು ದೊರೆಗಳೂ ದೊರೆಸಾನಿಯರೂ ಪುಸ್ತಕ ಹಿಡಿದು ಕೂತಿದ್ದರು. ಸರದಿ ಬಂದವರು ಎದ್ದು ಹಾಡುವರು, ಮುಗಿದರೆ ಕೂರುವರು.

"ನಾಟಕ ಅಂದ್ರು, ವೇಷಾನೇ ಇಲ್ವಲ್ಲೇ. ಇದೇನು ಭಜನೆಯಾ?" ಎಂದು ಅಜ್ಜ ಪಿಸುಗುಟ್ಟಿದರು. ಅವರು ಬಯಲುಸೀಮೆಯವರು.

ನನಗೆ ಅದು ಹೊಸದೆನಿಸಲಿಲ್ಲ. ತವರಿನ ಜಗಲಿಯಲ್ಲಿ ತಾಳಮದ್ದಳೆ ಕೇಳಿ ಬೆಳೆದವಳು ನಾನು. ಯಕ್ಷಗಾನದ ಪ್ರಸಂಗವನ್ನೇ ವೇಷ, ಕುಣಿತ ಬಿಟ್ಟು ಕೂತು ನಡೆಸುವುದು ಅದು. ಭಾಗವತರು ಹಾಡುವರು, ಶಾಲು ಹೊದ್ದ ಗಂಡಸರು ಎದುರುಬದುರು ಕೂತು ರಾಜನಾಗಿ, ರಾಕ್ಷಸನಾಗಿ ವಾದಿಸುವರು. ಯುದ್ಧದಲ್ಲಿ ಸತ್ತವನು ಅಲ್ಲೇ ಎಲೆಅಡಿಕೆ ತಟ್ಟೆ ಎಳೆದುಕೊಳ್ಳುವನು. ಯಾರು ಯಾರತ್ತ ತಿರುಗುತ್ತಾರೆಂದು ನೋಡುತ್ತಿದ್ದರೆ ಕಥೆ ತಿಳಿಯುತ್ತದೆ. ಇಲ್ಲಿಯೂ ಹಾಗೆಯೇ ನೋಡಿದೆ. ದಪ್ಪ ದನಿಯವನು ನೀಲಿ ಗೌನಿನ ಹುಡುಗಿಯ ಅಪ್ಪನಿರಬೇಕು, ಅವಳನ್ನು ಬೇರೆ ಯಾರಿಗೋ ಕೊಡುವವನಿದ್ದ. ಅವಳು ಮೆಚ್ಚಿದವನು ತುದಿಯ ಕುರ್ಚಿಯಲ್ಲಿದ್ದ. ಕೊನೆಗೆ ಅವಳ ದನಿ ಸಣ್ಣದಾಗುತ್ತ ಬಂದು ನಿಂತಿತು. ಪುಸ್ತಕ ಮುಚ್ಚಿ, ಕೂತು, ನೀರು ಕುಡಿದಳು. ಅವಳು ಸತ್ತಳೆಂದು ನನಗೆ ಗೊತ್ತಾಯಿತು. ಕಣ್ಣು ಒದ್ದೆಯಾಯಿತು. ಅಜ್ಜ ಆಕಳಿಸುತ್ತಿದ್ದರು.

ಮುಗಿದ ಮೇಲೆ ದೊರೆಸಾನಿ ನಮ್ಮ ಬೆಂಚಿನ ಹತ್ತಿರ ಬಂದು ತಮ್ಮ ಹರಕು ಕನ್ನಡದಲ್ಲಿ ನನ್ನನ್ನೇ ಕೇಳಿದರು: "ಕಥೆ ತಿಳೀತಾ? ಹುಡುಗಿಗೆ ಏನಾಯ್ತು?"

ಸಂಕೋಚವಾಯಿತು. ಆದರೂ ಹೇಳುವವಳೇ ಇದ್ದೆ, ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಜ್ಜ ಕೈಮುಗಿದು ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕರು. ದೊರೆಸಾನಿಯೂ ನಕ್ಕು, ನನ್ನ ಭುಜ ತಟ್ಟಿ ಆಚೆ ಹೋದರು.

ದಾರಿಯಲ್ಲಿ ಕೇಳಿದೆ: "ಏನಂದ್ರಿ ಅವರಿಗೆ?"

"ಹಳ್ಳಿ ಹೆಂಗಸು, ಇದೆಲ್ಲ ಗೊತ್ತಾಗಲ್ಲ, ಶಾಲೆ ಕೆಲಸಾನೂ ಇವಳ ಕೈಲಿ ಆಗಲ್ಲ ಅಂದೆ. ನೀನು ಬಾಯಿ ಬಿಟ್ಟಿದ್ರೆ ಮಾನ ಹೋಗ್ತಿತ್ತು ಮಾರಾಯ್ತಿ. ನಾನಿದ್ದೆ, ಉಳೀತು."

ನನಗೆ ಉಪಕಾರ ಮಾಡಿದೆನೆಂದೇ ಅವರು ಸಾಯುವತನಕ ನಂಬಿದ್ದರು. ಅವರ ಒಳ್ಳೆಯತನದ ಬಗ್ಗೆ ನೀವು ಬಹಳ ಕೇಳಿದ್ದೀರಿ. ಇದನ್ನೂ ಕೇಳಿ.

ಆ ಕೆಲಸಕ್ಕೆ ಆಲ್ದೂರಿನಿಂದ ಒಬ್ಬ ಟೀಚರಮ್ಮ ಬಂದರು. ಮಕ್ಕಳು ಕಾಗುಣಿತ ಒಪ್ಪಿಸುವುದು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಅಂಥ ಒಂದು ಮಧ್ಯಾಹ್ನ ಊಟಕ್ಕೆ ಕೂತ ಅಜ್ಜ ಇದ್ದಕ್ಕಿದ್ದಂತೆ ಕೇಳಿದರು: "ಅಲ್ವೇ, ಅವತ್ತು ಕ್ಲಬ್ಬಲ್ಲಿ ಆ ನೀಲಿ ಗೌನಿನವಳು ಕೊನೆಗೆ ಏನಾದ್ಲೇ? ನಂಗೊಂದೂ ತಿಳೀಲಿಲ್ಲ."

"ಹಳ್ಳಿ ಹೆಂಗಸು, ನಂಗೆಲ್ಲಿ ಗೊತ್ತಾಗತ್ತೆ" ಎಂದೆ.

"ಅದೂ ಸರಿಯೇ" ಎಂದು ಅವರು ಮಜ್ಜಿಗೆ ಹಾಕಿಸಿಕೊಂಡರು.